ಡೇರೆಗೆ ಎಷ್ಟು ದುಡ್ಡು? – ನಗೋಯಾದಿಂದ ಒಂದು ಕ್ಯಾಂಪಿಂಗ್ ಲೆಕ್ಕ



ಈ ಸಲದ ಯುಗಾದಿ ಕೂಟದಲ್ಲಿ ಹೋಳಿಗೆ ಸಾಲಿನಲ್ಲಿ ನಿಂತಿದ್ದಾಗ ಮೂರು ಮನೆಯವರು ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದರು. “ನೀವು ಮಕ್ಕಳನ್ನ ಕಟ್ಟಿಕೊಂಡು ಕ್ಯಾಂಪಿಂಗ್ ಹೋಗ್ತೀರಂತೆ, ಸಾಮಾನಿಗೆ ಎಷ್ಟಾಯ್ತು ಸಾರ್?” ಅವರಲ್ಲಿ ಒಬ್ಬರು ಅಂಗಡಿಗೇ ಹೋಗಿ ಟೆಂಟು, ಕುರ್ಚಿ, ಟೇಬಲ್ಲು, ಒಲೆ ಎಲ್ಲ ಕೂಡಿಸಿ ನೋಡಿದ್ದರಂತೆ. ಲೆಕ್ಕ ಒಂದೂವರೆ ಲಕ್ಷ ಯೆನ್ ದಾಟಿದ ಮೇಲೆ ‘ಈ ದುಡ್ಡಲ್ಲಿ ಊರಿಗೇ ಹೋಗಿ ಬರಬಹುದಲ್ಲ’ ಅಂದುಕೊಂಡು ಬರಿಗೈಯಲ್ಲಿ ವಾಪಸ್ ಬಂದರಂತೆ. ಬಾಯಿ ತುಂಬಾ ಹೋಳಿಗೆ ಇಟ್ಟುಕೊಂಡು ವಿವರಿಸುವುದು ಕಷ್ಟ. ‘ಪತ್ರಿಕೆಗೆ ಬರೆದು ಹಾಕ್ತೀನಿ’ ಎಂದು ತಪ್ಪಿಸಿಕೊಂಡೆ. ಈಗ ಗೋಲ್ಡನ್ ವೀಕ್ ಹತ್ತಿರ ಬಂತು, ಸಂಪಾದಕರು ನೆನಪಿಸಿದರು, ಇನ್ನು ತಪ್ಪಿಸಿಕೊಳ್ಳುವಂತಿಲ್ಲ!

ಒಂದೇ ಸಾಲಿನ ಉತ್ತರ ಬೇಕಾದವರಿಗೆ: ನಾವಿಬ್ಬರು, ನಮಗಿಬ್ಬರು – ಹೀಗೆ ನಾಲ್ಕು ಜನರ ಸಂಸಾರಕ್ಕೆ 27,300 ಯೆನ್. ಬಾಕಿ ಸಾಮಾನೆಲ್ಲ ಮನೆಯಲ್ಲೇ ಇತ್ತು. ಆದರೆ ಈ ಅಂಕಿಗೆ ಬರುವ ಮುಂಚೆ ನಾನು 4,980 ಯೆನ್ನನ್ನೂ ಒಂದು ರಾತ್ರಿಯ ನಿದ್ದೆಯನ್ನೂ ಕಳೆದುಕೊಂಡಿದ್ದೇನೆ. ಆ ಕಥೆ ಮೊದಲು ಹೇಳಿದರೆ ಬಾಕಿ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಇತಾದೊರಿ ನದಿಯ ದಡದಲ್ಲಿ ಒಂದು ರಾತ್ರಿ

2023ರ ಮೇ ತಿಂಗಳು. ಮಗನಿಗೆ ಎಂಟು, ಮಗಳಿಗೆ ನಾಲ್ಕು. ಗಿಫು ಪ್ರಾಂತ್ಯದ ಇತಾದೊರಿ ನದಿಯ ದಡಕ್ಕೆ ಹೊರಟೆವು. ನಗೋಯಾದಿಂದ ತೋಕಾಯ್-ಹೊಕುರಿಕು ಹೆದ್ದಾರಿ ಹಿಡಿದು ಮಿನೋದಲ್ಲಿ ಇಳಿದರೆ ಅಲ್ಲಿಂದ ಕಣಿವೆಯೊಳಗೆ ದಾರಿ. ನೀರು ಅಂದರೆ ಅದು ನೀರು ಸ್ವಾಮಿ, ತಳದ ಕಲ್ಲು ಎಣಿಸಬಹುದು.

ಟೆಂಟು ನಾನು ಆನ್‌ಲೈನ್‌ನಲ್ಲಿ 4,980 ಯೆನ್‌ಗೆ ಹೊಡೆದಿದ್ದೆ. ಹಗ್ಗ ಎಳೆದರೆ ಛತ್ರಿಯ ಹಾಗೆ ಬಿಚ್ಚಿಕೊಳ್ಳುವ ಜಾತಿ. ‘ನಾಲ್ಕು ಜನಕ್ಕೆ, ಮಳೆ ತಡೆಯುತ್ತದೆ’ ಎಂದು ಬರೆದಿತ್ತು. ಪಕ್ಕದ ಸೈಟಿನವರು ಇಪ್ಪತ್ತು ನಿಮಿಷ ಒದ್ದಾಡುತ್ತಿದ್ದಾಗ ನಮ್ಮದು ಅರ್ಧ ನಿಮಿಷದಲ್ಲಿ ನಿಂತಿತು. ನನ್ನ ಎದೆ ಎರಡು ಇಂಚು ಉಬ್ಬಿತ್ತು.

ರಾತ್ರಿ ಹನ್ನೊಂದಕ್ಕೆ ಮಳೆ ಶುರುವಾಯಿತು. ಒಂದೂವರೆಗೆ ಮಗಳು “ಅಪ್ಪಾ, ಹಾಸಿಗೆ ಒದ್ದೆ” ಎಂದಳು. ಟಾರ್ಚ್ ಹಾಕಿ ನೋಡಿದರೆ ಹೊಲಿಗೆಗಳಿಂದ ನೀರು ತೊಟ್ಟಿಕ್ಕುತ್ತಿದೆ, ನೆಲದ ಬಟ್ಟೆಯ ಮೇಲೆ ನನ್ನ ಮೊಣಕಾಲು ಊರಿದಲ್ಲೆಲ್ಲ ನೀರು ಉಕ್ಕುತ್ತಿದೆ. ಮಗುವಿನ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಇಬ್ಬರನ್ನೂ ಎತ್ತಿಕೊಂಡು ಕಾರಿಗೆ ಓಡಿದೆವು. ಒದ್ದೆ ಬಟ್ಟೆ ಬಿಚ್ಚಿಸಿ, ಡಿಕ್ಕಿಯಲ್ಲಿ ಬಿದ್ದಿದ್ದ ಕಂಬಳಿ ಸುತ್ತಿದೆವು. ಅಪ್ಪ ನಗೋಯಾಕ್ಕೆ ಬಂದಾಗ ಚಳ್ಳಕೆರೆಯಿಂದ ಹೊತ್ತು ತಂದಿದ್ದ ಕಂಬಳಿ ಅದು. “ಜಪಾನಿಗೆ ಯಾಕಪ್ಪಾ ಇದು, ಇಲ್ಲಿ ಹೀಟರ್ ಇದೆ” ಎಂದು ನಾನೇ ಅವರನ್ನು ನಕ್ಕಿದ್ದೆ. ಅರ್ಧ ಗಂಟೆಯಲ್ಲಿ ಮಗುವಿನ ಮುಖಕ್ಕೆ ಬಣ್ಣ ಬಂತು. ನಾವಿಬ್ಬರು ಮಾತ್ರ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. “ರೀ, ಇನ್ನೊಂದು ಸಲ ಟೆಂಟ್ ಅಂದ್ರೆ ನೋಡಿ” ಅಂತ ನನ್ನವಳು ಅಂದಿದ್ದು ಒಂದೇ ಮಾತು. ಅದು ಸಾಕಾಗಿತ್ತು.

ಮನೆಗೆ ಬಂದು ತಪ್ಪೆಲ್ಲಾಯಿತು ಎಂದು ಬಗ್ ಹುಡುಕುವವನ ಹಾಗೆ ಕೂತು ಯೋಚಿಸಿದೆ. ನಮ್ಮ ದೇಹದ ಬಿಸಿ ಹೋಗುವುದು ಮೂರು ದಾರಿಯಲ್ಲಿ: ನೀರು, ನೆಲ, ಗಾಳಿ. ಗಾಳಿಗಿಂತ ನೀರು ಸುಮಾರು 24 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಒದ್ದೆಯಾದ ಹೊದಿಕೆ ಹೊದಿಕೆಯೇ ಅಲ್ಲ. ಈ ಮೂರನ್ನು ತಡೆಯುವ ಸಾಮಾನಿಗೆ ದುಡ್ಡು ಹಾಕಬೇಕು. ಉಳಿದದ್ದಕ್ಕೆಲ್ಲ ಜಿಪುಣತನ ಮಾಡಬಹುದು. ನಾನು ಮಾಡಿದ್ದು ಸರಿಯಾಗಿ ಉಲ್ಟಾ – ಚಂದದ ಕುರ್ಚಿ, ಟೇಬಲ್ಲು ಅಂತ ನೋಡಿ ಟೆಂಟಿನಲ್ಲಿ ಉಳಿಸಲು ಹೋಗಿದ್ದೆ.

ಟೆಂಟು: ನೋಡಬೇಕಾದ ಅಂಕಿ ಒಂದೇ

ಜಪಾನಿನಲ್ಲಿ ಮಾರುವ ಟೆಂಟುಗಳ ವಿವರದಲ್ಲಿ ‘ತಾಯ್‌ಸುಯ್‌ಆತ್ಸು’ ಎಂದು ಒಂದು ಸಾಲು ಇರುತ್ತದೆ. ನೀರಿನ ಒತ್ತಡ ಎಷ್ಟು ತಡೆಯುತ್ತದೆ ಎಂಬ ಲೆಕ್ಕ, ಮಿಲಿಮೀಟರಿನಲ್ಲಿ. 1,500 ಮಿ.ಮೀ. ಎಂದರೆ ಆ ಬಟ್ಟೆಯ ಮೇಲೆ ಒಂದೂವರೆ ಮೀಟರ್ ಎತ್ತರದ ನೀರಿನ ಕೊಳವೆ ನಿಲ್ಲಿಸಿದರೂ ಸೋರುವುದಿಲ್ಲ ಅಂತ. ಸಂಸಾರದ ಟೆಂಟಿಗೆ ಮೇಲ್ಹೊದಿಕೆ 1,500ರ ಸುಮಾರಿಗೆ ಇರಲಿ, ನೆಲದ ಬಟ್ಟೆ ಅದಕ್ಕಿಂತ ಹೆಚ್ಚಿರಲಿ, ಯಾಕೆಂದರೆ ನೆಲದ ಮೇಲೆ ನಮ್ಮ ಮೊಣಕಾಲು, ಮೊಣಕೈಯ ಒತ್ತಡವೂ ಬೀಳುತ್ತದೆ. ಸಮುದ್ರ ತೀರದಲ್ಲಿ ಬಿಸಿಲು ಮರೆಗೆ ಮಾಡಿದ ಡೇರೆಗಳಲ್ಲಿ ಈ ಅಂಕಿ ಕೆಲವು ನೂರು ಮಾತ್ರ. ನಾನು ಕೊಂಡಿದ್ದು ಅದೇ ಜಾತಿ ಎಂದು ಆಮೇಲೆ ಗೊತ್ತಾಯಿತು.

ಎರಡನೆಯದು, ಹೊದಿಕೆ ಎರಡು ಪದರ ಇರಬೇಕು. ಒಳಗಿನದು ಉಸಿರಾಡುವ ತೆಳು ಬಟ್ಟೆ, ಹೊರಗಿನದು ನೀರು ತಡೆಯುವ ಬಟ್ಟೆ. ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಎರಡು ಪದರ ಇದ್ದರೆ ಆ ಹನಿ ಹೊರಪದರದ ಒಳಮೈಯಲ್ಲೇ ಇಳಿದು ಹೋಗುತ್ತದೆ. ಒಂದೇ ಪದರ ಇದ್ದರೆ ಮಳೆ ಬಾರದಿದ್ದರೂ ಬೆಳಿಗ್ಗೆ ಮಳೆ ಬಂದಂತಿರುತ್ತದೆ.

ಮೂರನೆಯದು ಅಳತೆ. ‘ನಾಲ್ಕು ಜನಕ್ಕೆ’ ಎಂದರೆ ತಲೆಗೆ ಸುಮಾರು 60 ಸೆಂ.ಮೀ. ಅಗಲ, ಮೀನು ಡಬ್ಬಿಯಲ್ಲಿ ಜೋಡಿಸಿದ ಹಾಗೆ. ಎರಡು ಮಕ್ಕಳಿರುವವರು 270 × 270 ಸೆಂ.ಮೀ. ಗುಮ್ಮಟದಾಕಾರದ್ದು ನೋಡಿ. ಅದಕ್ಕಿಂತ ದೊಡ್ಡದು ನಮ್ಮ ಹಳದಿ ನಂಬರ್ ಪ್ಲೇಟಿನ ಕೇ ಕಾರಿನಲ್ಲೂ ಹಿಡಿಯುವುದಿಲ್ಲ, ಮನೆಯ ಓಶಿಇರೆಯಲ್ಲೂ ಹಿಡಿಯುವುದಿಲ್ಲ.

ಹಳೆಯ ಸಾಮಾನಿಗೆ ಇದು ಒಳ್ಳೆಯ ಕಾಲ

ನಮ್ಮ ಈಗಿನ ಟೆಂಟು ಸೆಕೆಂಡ್ ಹ್ಯಾಂಡ್ – 9,000 ಯೆನ್. ಹೆಸರಾಂತ ಕಂಪನಿಯದು, ಎರಡೇ ಸಲ ಬಳಸಿದ್ದಂತೆ. ಇಷ್ಟು ಅಗ್ಗಕ್ಕೆ ಸಿಗುವುದಕ್ಕೂ ಒಂದು ಕಾರಣವಿದೆ.

ಜಪಾನಿನಲ್ಲಿ ಕ್ಯಾಂಪಿಂಗ್ ಹುಚ್ಚು ಎರಡು ಸಲ ಎದ್ದಿದೆ. ಮೊದಲನೆಯದು 1990ರ ದಶಕದಲ್ಲಿ. 1996ರಲ್ಲಿ ಕಾರಿನಲ್ಲಿ ಹೋಗಿ ಕ್ಯಾಂಪ್ ಮಾಡಿದವರ ಸಂಖ್ಯೆ 1 ಕೋಟಿ 58 ಲಕ್ಷ ಮುಟ್ಟಿತ್ತು. ಎರಡನೆಯದು ಈಚಿನದು: 2018ರಲ್ಲಿ ‘ಯುರು ಕ್ಯಾಂಪ್’ ಎಂಬ ಅನಿಮೆ ಬಂತು, ಶಾಲೆಯ ಹುಡುಗಿಯರು ಫುಜಿ ಬೆಟ್ಟದ ಸುತ್ತ ಡೇರೆ ಹಾಕುವ ಕಥೆ. ಆಮೇಲೆ ಕೊರೋನಾ ಬಂದು ಜನ ಬಯಲಿಗೆ ಓಡಿದರು. ಆ ಅಲೆ ಇಳಿದಾಗ ಹೇಗೆ ಇಳಿಯಿತೆಂದರೆ, ಸ್ನೋ ಪೀಕ್ ಎಂಬ ದೊಡ್ಡ ಕಂಪನಿಯ 2023ರ ನಿವ್ವಳ ಲಾಭ ಹಿಂದಿನ ವರ್ಷಕ್ಕಿಂತ 99.9 ಶೇಕಡಾ ಕುಸಿದು ಬರೀ 10 ಲಕ್ಷ ಯೆನ್‌ಗೆ ಬಂತು. ಆ ಹುಚ್ಚಿನಲ್ಲಿ ಕೊಂಡು ಒಂದೆರಡು ಸಲ ಬಳಸಿದ ಸಾಮಾನೆಲ್ಲ ಈಗ ಸೆಕೆಂಡ್ ಸ್ಟ್ರೀಟ್, ಟ್ರೆಷರ್ ಫ್ಯಾಕ್ಟರಿ, ಆಫ್ ಹೌಸ್‌ನಂಥ ಹಳೆ ಸಾಮಾನಿನ ಅಂಗಡಿಗಳಲ್ಲೂ ಮೆರ್ಕಾರಿಯಲ್ಲೂ ಕೂತಿದೆ.

ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಟೆಂಟಿನ ಬಟ್ಟೆಗೆ ಒಳಗಡೆ ಪಾಲಿಯುರಿಥೇನ್ ಲೇಪ ಇರುತ್ತದೆ. ತೇವದ ಜೊತೆ ವರ್ಷಗಟ್ಟಲೆ ಇದ್ದರೆ ಅದು ರಾಸಾಯನಿಕವಾಗಿ ಒಡೆದು ಅಂಟಂಟಾಗುತ್ತದೆ. ಒಮ್ಮೆ ಒಡೆದರೆ ದುರಸ್ತಿ ಇಲ್ಲ. ಅಂಗಡಿಯಲ್ಲಿ ಮೂರು ಪರೀಕ್ಷೆ ಮಾಡಿ:

1. ಮೂಗು – ಚೀಲ ಬಿಚ್ಚಿದೊಡನೆ ಹುಳಿ ವಾಸನೆ, ವಾಂತಿಯಂಥ ವಾಸನೆ ಬಂದರೆ ಅಲ್ಲೇ ಮಡಚಿ ಇಟ್ಟುಬಿಡಿ.
2. ಬೆರಳು – ಒಳಮೈ ಮುಟ್ಟಿದರೆ ಅಂಟಬಾರದು.
3. ಕಣ್ಣು – ಹೊಲಿಗೆಯ ಮೇಲೆ ಅಂಟಿಸಿದ ಪಾರದರ್ಶಕ ಪಟ್ಟಿ ಎದ್ದಿರಬಾರದು, ಕೋಲುಗಳ ಒಳಗಿನ ಎಲಾಸ್ಟಿಕ್ ಸಡಿಲವಾಗಿರಬಾರದು.

ಹೊಸದೇ ಬೇಕು ಅನ್ನುವವರಿಗೆ ನಮ್ಮೂರಿನಲ್ಲಿ ಒಂದು ಅನುಕೂಲ. ಆಲ್ಪೆನ್ ಕಂಪನಿ 1972ರಲ್ಲಿ ನಗೋಯಾದಲ್ಲೇ ಹುಟ್ಟಿದ್ದು. ಅವರ ಸ್ವಂತ ಬ್ರ್ಯಾಂಡ್ ಇಗ್ನಿಯೊ ಸಾಮಾನು ಹೆಸರಾಂತ ಕಂಪನಿಗಳದಕ್ಕಿಂತ ಅಗ್ಗ. ಕಸುಗಾಯ್‌ನಲ್ಲಿರುವ ಅವರ ದೊಡ್ಡ ಹೊರಾಂಗಣ ಮಳಿಗೆಯಲ್ಲಿ ಟೆಂಟುಗಳನ್ನು ಕಣ್ಣಾರೆ ನೋಡಬಹುದು. ಕೊಳ್ಳದಿದ್ದರೂ ಒಮ್ಮೆ ಒಳಗೆ ಮಲಗಿ ಅಳತೆ ನೋಡಿ ಬನ್ನಿ. ನಾವು ನಾಲ್ಕೂ ಜನ ಸಾಲಾಗಿ ಮಲಗಿದ್ದನ್ನು ಕಂಡು ಅಂಗಡಿಯ ಹುಡುಗಿ ನಗು ತಡೆದುಕೊಳ್ಳಲು ಪಟ್ಟ ಪಾಡು ನೋಡಬೇಕಿತ್ತು!

ನೆಲದ ಚಳಿ

ಹೊಸಬರು ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಸುರಿಯುತ್ತಾರೆ, ಮ್ಯಾಟ್ ಮರೆಯುತ್ತಾರೆ. ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನಮ್ಮ ಭಾರಕ್ಕೆ ಕೆಳಭಾಗ ಅಪ್ಪಚ್ಚಿಯಾದಾಗ ಅಲ್ಲಿ ಗಾಳಿಯೇ ಇರುವುದಿಲ್ಲ, ನೆಲ ನೇರವಾಗಿ ಬಿಸಿ ಹೀರುತ್ತದೆ. ಹೋಮ್ ಸೆಂಟರುಗಳಲ್ಲಿ ಬೆಳ್ಳಿ ಬಣ್ಣದ ‘ಗಿನ್ ಮ್ಯಾಟ್’ ಸಿಗುತ್ತದೆ, 8 ಮಿ.ಮೀ. ದಪ್ಪದ ಫೋಮ್. ಇಬ್ಬರು ಮಲಗುವ ಅಗಲದ್ದು ಎರಡಕ್ಕೆ 3,000 ಯೆನ್ ಆಯಿತು. ಅದರ ಮೇಲೆ ಮನೆಯ ಜಮಖಾನ, ಅದರ ಮೇಲೆ ಮಕ್ಕಳ ಫುತೋನ್. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಕೆಮ್ಮಣ್ಣುಗುಂಡಿಗೆ ಹೋಗಿ ಬರೀ ಜಮಖಾನದ ಮೇಲೆ ಮಲಗಿ ಬೆಳಗಿನವರೆಗೂ ನಡುಗಿದ್ದು ನೆನಪಿದೆ. ಆಗ ಚಳಿ ಮೇಲಿಂದ ಬರುತ್ತದೆ ಅಂದುಕೊಂಡಿದ್ದೆವು!

ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಉಷ್ಣತೆಯನ್ನು ಪೂರ್ತಿ ನಂಬಬೇಡಿ. ಅಗ್ಗದವುಗಳಲ್ಲಿ ಕಾಣುವುದು ಹೆಚ್ಚಾಗಿ ‘ಹೇಗೋ ತಡೆದುಕೊಳ್ಳಬಹುದಾದ’ ಅಂಕಿ. ಹಾಯಾಗಿ ನಿದ್ದೆ ಬರಬೇಕಾದರೆ ಅದಕ್ಕೆ 5ರಿಂದ 10 ಡಿಗ್ರಿ ಕೂಡಿಸಿಕೊಳ್ಳಿ. ಲಕೋಟೆಯ ಹಾಗೆ ಚೌಕಾಕಾರದ್ದು ಎರಡು ಕೊಂಡೆವು, ತಲಾ 2,800. ಒಂದೇ ಮಾದರಿಯ ಎರಡು ಬ್ಯಾಗಿನ ಜಿಪ್ ಸೇರಿಸಿದರೆ ದೊಡ್ಡ ರಜಾಯಿ ಆಗುತ್ತದೆ, ಮಕ್ಕಳು ನಡುವೆ ಬೆಚ್ಚಗೆ ಮಲಗುತ್ತಾರೆ. ಅದರ ಮೇಲೆ ಚಳ್ಳಕೆರೆ ಕಂಬಳಿ. ಉಣ್ಣೆ ಸ್ವಲ್ಪ ಒದ್ದೆಯಾದರೂ ಹತ್ತಿಯ ಹಾಗೆ ಪೂರ್ತಿ ಕೈಕೊಡುವುದಿಲ್ಲ. ಅಪ್ಪನ ಮಾತಿಗೆ ಈಗ ಎದುರಾಡುವುದಿಲ್ಲ.

ಇನ್ನೊಂದು ಸಣ್ಣ ಲೆಕ್ಕ. ಪ್ರತಿ 100 ಮೀಟರ್ ಮೇಲೆ ಹೋದಂತೆ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ನಗೋಯಾದಲ್ಲಿ 35 ಇದ್ದಾಗ ಐಚಿ-ನಗಾನೊ ಗಡಿಯ ಚಾಉಸುಯಾಮದ ಕಡೆ 1,200 ಮೀಟರ್ ಎತ್ತರದಲ್ಲಿ 28ರ ಸುಮಾರು. ಅದಕ್ಕೇ ಆಗಸ್ಟ್‌ನಲ್ಲಿ ಮೇಲೆ ಹೋಗಿ. ಮೇ ತಿಂಗಳಲ್ಲಿ ಮಾತ್ರ ಇದೇ ಲೆಕ್ಕ ನಮ್ಮ ವಿರುದ್ಧ ಕೆಲಸ ಮಾಡುತ್ತದೆ, ಆಗ ಕೆಳಗೇ ಇರಿ. ಮೇಲಿನ ಸಾಮಾನಿನ ಪಟ್ಟಿ ಮೇ ನಡುವಿನಿಂದ ಅಕ್ಟೋಬರ್ ಮೊದಲವರೆಗೆ ಮಾತ್ರ. ಚಳಿಗಾಲದ ಕ್ಯಾಂಪಿಂಗ್ ಬೇರೆಯೇ ವಿದ್ಯೆ, ಅದಕ್ಕೆ ನನ್ನನ್ನು ಕೇಳಬೇಡಿ.

ಗೂಟದ ಮಹಿಮೆ

ಟೆಂಟಿನ ಜೊತೆ ಕೊಡುವ ಪ್ಲಾಸ್ಟಿಕ್ ಅಥವಾ ತೆಳು ಕಬ್ಬಿಣದ ಗೂಟಗಳು ಹುಲ್ಲುಹಾಸಿಗೆ ಸರಿ. ಗಿಫುವಿನ ನದಿ ದಡದ ಕಲ್ಲುನೆಲದಲ್ಲಿ ಅವು ಮೊದಲ ಏಟಿಗೇ ನಮಸ್ಕಾರ ಹಾಕುತ್ತವೆ. ಕುಲುಮೆಯಲ್ಲಿ ಬಡಿದು ಮಾಡಿದ 28-30 ಸೆಂ.ಮೀ. ಉಕ್ಕಿನ ಗೂಟ ಎಂಟು ಕೊಳ್ಳಿ. ನೀಗಾತದ ಸಾಂಜೊ ಎಂಬ ಊರು ಹಿಂದಿನಿಂದಲೂ ಕಮ್ಮಾರಿಕೆಗೆ ಹೆಸರಾದದ್ದು. ಸ್ನೋ ಪೀಕ್ 1958ರಲ್ಲಿ ಲೋಹದ ಸಾಮಾನಿನ ಅಂಗಡಿಯಾಗಿ ಶುರುವಾದದ್ದೂ ಅಲ್ಲೇ, ಅಗ್ಗದ ಸಾಮಾನಿಗೆ ಹೆಸರಾದ ಕ್ಯಾಪ್ಟನ್ ಸ್ಟ್ಯಾಗ್ ಬ್ರ್ಯಾಂಡಿನ ಊರೂ ಅದೇ. ನಾನು ಎಂಟು ಗೂಟಕ್ಕೆ 2,800 ಕೊಟ್ಟೆ. ಸುತ್ತಿಗೆ ಮನೆಯಲ್ಲಿತ್ತು.

ಗೂಟವನ್ನು ನೆಟ್ಟಗೆ ಹೊಡೆಯಬೇಡಿ. ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಹಗ್ಗಕ್ಕೂ ಗೂಟಕ್ಕೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಇರಲಿ. ಹಸು ಕಟ್ಟುವ ಗೂಟ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಒಲೆ: ಮನೆಯದ್ದೇ ಸಾಕು

ಇಲ್ಲಿ ಬಹುಪಾಲು ಮನೆಗಳಲ್ಲಿ ಚಳಿಗಾಲದ ನಾಬೆಗೆಂದು ಕ್ಯಾಸೆಟ್ ಗ್ಯಾಸ್ ಒಲೆ ಇರುತ್ತದೆ, ನಮ್ಮಲ್ಲೂ ಇದೆ. ಕ್ಯಾಂಪಿಂಗ್‌ಗೆಂದು ಬೇರೆ ಒಲೆ ಕೊಳ್ಳುವ ಅಗತ್ಯವೇ ಇಲ್ಲ. 250 ಗ್ರಾಂ ಕ್ಯಾನಿನೊಳಗೆ ಬ್ಯೂಟೇನ್ ಇರುತ್ತದೆ. ಕಿಲೋಗೆ ಸುಮಾರು 13.7 ಯೂನಿಟ್ ಶಕ್ತಿ, ಅಂದರೆ ಒಂದು ಕ್ಯಾನಿಗೆ 3.4 ಯೂನಿಟ್. 3.5 ಕಿಲೋವ್ಯಾಟ್ ಒಲೆಯನ್ನು ಪೂರ್ತಿ ಉರಿಯಲ್ಲಿಟ್ಟರೆ ಸುಮಾರು ಒಂದು ಗಂಟೆ. ನಮ್ಮ ನಾಲ್ಕು ಜನಕ್ಕೆ ದಿನಕ್ಕೆ ಒಂದು ಕ್ಯಾನ್ ಸಾಕು, ಆದರೆ ಅದಕ್ಕೆ ಉಪಾಯ ಬೇಕು. ರವೆ ಮನೆಯಲ್ಲೇ ಹುರಿದಿಟ್ಟುಕೊಳ್ಳಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಮಂಡಕ್ಕಿ ಒಯ್ಯಿರಿ. ಅಕ್ಕಿ, ಬೇಳೆ ಮುಂಚೆಯೇ ನೆನೆಸಿ ಸಣ್ಣ ಕುಕ್ಕರಿನಲ್ಲಿ ಒಂದೆರಡು ಸೀಟಿ ಹಾಕಿಸಿ, ಉರಿ ಆರಿಸಿ, ಕುಕ್ಕರಿಗೆ ದಪ್ಪ ಟವೆಲ್ ಸುತ್ತಿಡಿ. ಒಳಗಿನ ಬಿಸಿಯಲ್ಲೇ ಬಾಕಿ ಬೇಯುತ್ತದೆ.

ಎಚ್ಚರಿಕೆ ಮೂರು. ಇವನ್ನು ದಯವಿಟ್ಟು ಓದಿ:

ಒಂದು, ನಮ್ಮ ದೊಡ್ಡ ದೋಸೆ ಕಾವಲಿಯನ್ನು ಈ ಒಲೆಯ ಮೇಲೆ ಇಡಬೇಡಿ. ಕಾವಲಿ ಕ್ಯಾನಿನ ಭಾಗದ ಮೇಲೂ ಚಾಚಿಕೊಂಡರೆ ಅದರ ಬಿಸಿ ಕ್ಯಾನಿಗೆ ತಾಗಿ ಕ್ಯಾನ್ ಸಿಡಿಯಬಹುದು. ಎರಡು ಒಲೆ ಜೋಡಿಸಿ ಅಡ್ಡಲಾಗಿ ದೊಡ್ಡ ತಟ್ಟೆ ಇಡುವುದೂ ಅಷ್ಟೇ ಅಪಾಯ.

ಎರಡು, ಕ್ಯಾನ್‌ಗಳನ್ನು ಬೇಸಿಗೆಯಲ್ಲಿ ಕಾರಿನಲ್ಲಿ ಬಿಡಬೇಡಿ. 40 ಡಿಗ್ರಿ ಮೀರಬಾರದೆಂದು ಅದರ ಮೇಲೇ ಬರೆದಿದೆ. 2018ರ ಆಗಸ್ಟ್ 3ರಂದು ನಗೋಯಾದ ನೆರಳಿನಲ್ಲೇ 40.3 ಡಿಗ್ರಿ ಇತ್ತು, ಇನ್ನು ಮುಚ್ಚಿದ ಕಾರಿನೊಳಗೆ ಎಷ್ಟಿರಬಹುದು ಲೆಕ್ಕ ಹಾಕಿ.

ಮೂರು, ಎಷ್ಟೇ ಮಳೆ, ಎಷ್ಟೇ ಚಳಿ ಇರಲಿ, ಒಲೆಯನ್ನೂ ಇದ್ದಿಲನ್ನೂ ಟೆಂಟಿನೊಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ, ಅಷ್ಟೇ.

ದುಡ್ಡಿಲ್ಲದೆ ಸಿಗುವ ಸುರಕ್ಷತೆ

ಎಲ್ಲಕ್ಕಿಂತ ಮುಖ್ಯವಾದದ್ದು ಟೆಂಟ್ ಎಲ್ಲಿ ಹಾಕುತ್ತೇವೆ ಎಂಬುದು. ಅದಕ್ಕೆ ಒಂದು ಯೆನ್ ಕೂಡ ಖರ್ಚಿಲ್ಲ. 1999ರ ಆಗಸ್ಟ್ 14ರಂದು ಕನಗಾವಾ ಪ್ರಾಂತ್ಯದ ಕುರೊಕುರಾ ನದಿಯ ನಡುಗಡ್ಡೆಯಂಥ ಮರಳುದಿಬ್ಬದಲ್ಲಿ ಕ್ಯಾಂಪ್ ಮಾಡಿದ್ದ 18 ಜನ ಏರಿದ ನೀರಿನಲ್ಲಿ ಕೊಚ್ಚಿಹೋದರು. ಅವರಲ್ಲಿ 13 ಜನ ಸತ್ತರು, ಮಕ್ಕಳೂ ಇದ್ದರು. ನಿಮ್ಮ ತಲೆಯ ಮೇಲೆ ಮಳೆ ಇಲ್ಲದಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ನದಿಯಲ್ಲಿ ಇಳಿದು ಬರುತ್ತದೆ. ನೀರಿಗೆ ಹತ್ತಿರವಿದ್ದಷ್ಟೂ ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಒಂದು ಮೆಟ್ಟಿಲು ಮೇಲೆ, ಹುಲ್ಲೂ ಮರವೂ ಬೆಳೆದ ಜಾಗ ಹಿಡಿಯಿರಿ. ಅಣೆಕಟ್ಟಿನ ಸೈರನ್ ಕೇಳಿದರೆ ಸಾಮಾನು ಬಿಟ್ಟು ಏಳಿ.

ಇನ್ನು ಕೆಲವು ಊರಿನ ನಡಾವಳಿ: ಬಹಳ ಕಡೆ ನೆಲದ ಮೇಲೆ ನೇರವಾಗಿ ಬೆಂಕಿ ಹಾಕುವಂತಿಲ್ಲ, ಬೆಂಕಿಗೂಡು ಬೇಕು. ಕಸ ಹಲವು ಕಡೆ ನಾವೇ ವಾಪಸ್ ಒಯ್ಯಬೇಕು. ರಾತ್ರಿ ಒಂಬತ್ತು ಹತ್ತರ ಮೇಲೆ ಸದ್ದು ಮಾಡುವಂತಿಲ್ಲ, ನಮ್ಮ ಅಂತ್ಯಾಕ್ಷರಿಯನ್ನು ಅಷ್ಟರೊಳಗೆ ಮುಗಿಸಬೇಕು! ತಿಂಡಿ, ಕಸ ಎರಡನ್ನೂ ರಾತ್ರಿ ಕಾರಿನೊಳಗಿಡಿ, ಗಿಫುವಿನ ಬೆಟ್ಟಗಳಲ್ಲಿ ಕರಡಿಗಳಿವೆ. ಬುಕ್ ಮಾಡುವಾಗಲೇ ವಿಚಾರಿಸಿಕೊಳ್ಳಿ.

ಆಗಸ್ಟ್ 8, 2024

ಇಷ್ಟೆಲ್ಲ ಆದ ಮೇಲೂ ನನ್ನವಳು ಪೂರ್ತಿ ಒಪ್ಪಿರಲಿಲ್ಲ. “ವರ್ಷಕ್ಕೆ ಎರಡು ಸಲ ಬಳಸೋದಕ್ಕೆ ಓಶಿಇರೆ ಅರ್ಧ ತುಂಬಿಸಿದೀರಿ” ಅನ್ನುವುದು ಅವಳ ದೂರು. ನ್ಯಾಯವಾದ ದೂರೇ.

2024ರ ಆಗಸ್ಟ್ 8ರ ಸಂಜೆ ಮಿಯಾಜಾಕಿ ಕರಾವಳಿಯ ಹ್ಯೂಗಾನಾದಾದಲ್ಲಿ 7.1ರ ಭೂಕಂಪ ಆಯಿತು. ಅಂದೇ ಹವಾಮಾನ ಇಲಾಖೆ ‘ನಾಂಕಾಯ್ ಟ್ರಫ್‌ನಲ್ಲಿ ದೊಡ್ಡ ಭೂಕಂಪದ ಸಾಧ್ಯತೆ ಮಾಮೂಲಿಗಿಂತ ಹೆಚ್ಚಿದೆ, ಒಂದು ವಾರ ಎಚ್ಚರವಿರಿ’ ಎಂದು ಮೊಟ್ಟಮೊದಲ ಬಾರಿಗೆ ಪ್ರಕಟಣೆ ಹೊರಡಿಸಿತು. ನಮ್ಮ ನಗೋಯಾ ಆ ನಕ್ಷೆಯೊಳಗೇ ಇದೆ. ಮರುದಿನ ನಮ್ಮ ಮನೆ ಹತ್ತಿರದ ಸೂಪರ್‌ನಲ್ಲಿ ನೀರಿನ ಬಾಟಲಿಯ ಸಾಲು ಖಾಲಿ, ಗ್ಯಾಸ್ ಕ್ಯಾನಿನ ಸಾಲು ಖಾಲಿ. ಊರಿಂದ ಅಮ್ಮನ ಫೋನು ಮೇಲೆ ಫೋನು.

ಆ ರಾತ್ರಿ ನಾವಿಬ್ಬರೂ ಕುಯಾಕುಶೊದಿಂದ ಬಂದಿದ್ದ ವಿಪತ್ತು ಸಿದ್ಧತೆಯ ಪಟ್ಟಿ ಹಿಡಿದು ಕೂತೆವು. ಕ್ಯಾಸೆಟ್ ಒಲೆ, ಕ್ಯಾನ್ – ಇದೆ. ಎಲ್‌ಇಡಿ ದೀಪ, ತಲೆಗೆ ಕಟ್ಟುವ ದೀಪ – ಇದೆ. ನೆಲಕ್ಕೆ ಹಾಸುವ ಮ್ಯಾಟ್ – ಇದೆ. ಮಲಗುವ ಚೀಲ, ನೀಲಿ ಶೀಟು, ಮಡಚುವ ನೀರಿನ ಚೀಲ – ಎಲ್ಲ ಇದೆ. ಇಲ್ಲದೇ ಇದ್ದದ್ದು ನೀರು ಮಾತ್ರ. ತಲೆಗೆ ದಿನಕ್ಕೆ 3 ಲೀಟರಿನ ಲೆಕ್ಕದಲ್ಲಿ ನಾಲ್ಕು ಜನಕ್ಕೆ ಮೂರು ದಿನಕ್ಕೆ 36 ಲೀಟರ್. ಅದನ್ನು ಅಂದೇ ನಲ್ಲಿಯಿಂದ ತುಂಬಿಸಿಟ್ಟೆವು. ನನ್ನವಳು ಪಟ್ಟಿ ಮಡಚಿ, “ಆ ಪೆಟ್ಟಿಗೆ ಓಶಿಇರೆಯ ಒಳಗಡೆ ಬೇಡ, ಬಾಗಿಲ ಹತ್ತಿರ ಇಡಿ” ಎಂದಳು. ಅಂದಿನಿಂದ ದೂರಿಲ್ಲ.

ಇದು ನನ್ನದೊಂದು ವಿಚಿತ್ರ ಯೋಚನೆಯಲ್ಲ. 2016ರ ಏಪ್ರಿಲ್‌ನ ಕುಮಾಮೊತೊ ಭೂಕಂಪದಲ್ಲಿ ಒಳಗೆ ಮಲಗಲು ಹೆದರಿ ಬಹಳ ಜನ ದಿನಗಟ್ಟಲೆ ಕಾರಿನಲ್ಲೇ ಮಲಗಿದರು, ಕಾಲು ಚಾಚದೆ ಕೂತು ರಕ್ತ ಹೆಪ್ಪುಗಟ್ಟಿ ಕೆಲವರು ಆಸ್ಪತ್ರೆ ಸೇರಿದರು. ಆಗ ಪರ್ವತಾರೋಹಿ ಕೆನ್ ನೊಗುಚಿ ಮಾಶಿಕಿ ಪಟ್ಟಣದಲ್ಲಿ ಒಂದು ಟೆಂಟ್ ಹಳ್ಳಿಯನ್ನೇ ನಿಲ್ಲಿಸಿದರು. ಕಾಲು ಚಾಚಿ ಮಲಗುವುದು ಎಷ್ಟು ದೊಡ್ಡ ಸುಖ ಎಂದು ಇತಾದೊರಿಯ ಆ ರಾತ್ರಿ ಕಾರಿನಲ್ಲಿ ಕಳೆದ ನನಗೆ ಚೆನ್ನಾಗಿ ಗೊತ್ತು. ನಮ್ಮ ನಗೋಯಾವೇನು ಕಡಿಮೆ ಕಂಡದ್ದಲ್ಲ: 1959ರ ಸೆಪ್ಟೆಂಬರ್ 26ರ ಇಸೆ ಕೊಲ್ಲಿಯ ಚಂಡಮಾರುತದಲ್ಲಿ ಸತ್ತವರು, ಕಾಣೆಯಾದವರು ಒಟ್ಟು 5,098 ಜನ. ನಗರದ ದಕ್ಷಿಣ ಭಾಗ ನೀರಿನಲ್ಲಿ ಮುಳುಗಿತ್ತು.

ಹಾಗಾಗಿ ಈಗ ಏನು ಕೊಳ್ಳುವಾಗಲೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕರೆಂಟ್, ಗ್ಯಾಸ್, ನಲ್ಲಿ ಮೂರೂ ನಿಂತ ದಿನ ಇದು ಕೆಲಸಕ್ಕೆ ಬರುತ್ತದೆಯೇ? ಹೌದಾದರೆ ತಗೋ, ಇಲ್ಲವಾದರೆ ಬಿಡು. ಈ ಒಂದು ಪ್ರಶ್ನೆ ಉಳಿಸಿದಷ್ಟು ದುಡ್ಡನ್ನು ಯಾವ ಸೇಲೂ ಉಳಿಸಿಲ್ಲ.

ಕೊನೆಗೆ ಲೆಕ್ಕ

- ಟೆಂಟು, 270 ಸೆಂ.ಮೀ., ಹಳೆಯದು – 9,000
- ನೆಲಕ್ಕೆ ನೀಲಿ ಶೀಟು – 800
- ಬೆಳ್ಳಿ ಮ್ಯಾಟ್ ಎರಡು – 3,000
- ಸ್ಲೀಪಿಂಗ್ ಬ್ಯಾಗ್ ಎರಡು – 5,600
- ಉಕ್ಕಿನ ಗೂಟ ಎಂಟು – 2,800
- ಎಲ್‌ಇಡಿ ಲ್ಯಾಂಟರ್ನ್ ಒಂದು, ತಲೆದೀಪ ಎರಡು – 3,500
- ಕೂಲರ್ ಬಾಕ್ಸ್, ಹಳೆಯದು – 1,500
- ನೂರು ಯೆನ್ ಅಂಗಡಿಯಿಂದ ನೀರಿನ ಚೀಲ, ಹಗ್ಗ, ಕ್ಲಿಪ್ಪು, ಕರಡಿ ಗಂಟೆ ಇತ್ಯಾದಿ – 1,100

ಒಟ್ಟು 27,300 ಯೆನ್. ಒಲೆ, ಕುಕ್ಕರ್, ಜಮಖಾನ, ಕಂಬಳಿ, ಫುತೋನ್, ಸುತ್ತಿಗೆ – ಮನೆಯವೇ. ಕುರ್ಚಿ, ಟೇಬಲ್ಲು ಇನ್ನೂ ಕೊಂಡಿಲ್ಲ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುಳಿಯೋಗರೆ ತಿನ್ನುವ ಸಂಸಾರವನ್ನು ಅಕ್ಕಪಕ್ಕದವರು ಕುತೂಹಲದಿಂದ ನೋಡುತ್ತಾರೆ. ಒಂದು ಸಲ ಪಕ್ಕದ ಟೆಂಟಿನ ಅಜ್ಜಿ ಒನಿಗಿರಿ ಕೊಟ್ಟು ಮಂಡಕ್ಕಿ ಒಗ್ಗರಣೆ ತಗೊಂಡು ಹೋದರು.

ಇಷ್ಟೂ ಖರ್ಚು ಬೇಡ ಅನ್ನುವವರು ಮೊದಲ ಸಲ ಟೆಂಟು ಬಾಡಿಗೆ ಕೊಡುವ ಕ್ಯಾಂಪ್ ಸೈಟ್ ಹುಡುಕಿ, ಇಲ್ಲವೇ ಅಲ್ಲಿನ ಮರದ ಗುಡಿಸಲು ಹಿಡಿಯಿರಿ. ಅದಕ್ಕೆ ಇಲ್ಲಿ ‘ಬಂಗರೋ’ ಅನ್ನುತ್ತಾರೆ. ಬಂಗಲೆ ಎಂಬ ಮಾತೇ ಹೀಗಾದದ್ದು. ಮೊದಲ ಸಲ ಬೋರ್ಡು ಓದಿ ‘ಅರೆ, ಇಲ್ಲೂ ಬೆಂಗಳೂರು’ ಎಂದು ನಾನು ಕಾರು ನಿಲ್ಲಿಸಿದ್ದುಂಟು. ಒಳಗೆ ನೋಡಿದರೆ ನಾಲ್ಕು ಗೋಡೆ, ಒಂದು ಬಲ್ಬು. ಬಾಡಿಗೆ ಮಾತ್ರ ಬೆಂಗಳೂರಿನದಲ್ಲ, ಪುಣ್ಯಕ್ಕೆ!

ಇನ್ನೊಂದು ದಾರಿಯೂ ಇದೆ. ಗೋಲ್ಡನ್ ವೀಕ್ ಮುಗಿದ ಮೇಲೆ ನಮ್ಮ ಪೆಟ್ಟಿಗೆಯ ಟೆಂಟೂ ಮ್ಯಾಟೂ ಜುಲೈವರೆಗೆ ಖಾಲಿ ಕೂತಿರುತ್ತವೆ. ಕೂಟದ ಯಾರಿಗಾದರೂ ಒಂದು ಸಲ ಹೋಗಿ ನೋಡೋಣ ಅನಿಸಿದರೆ ಕೇಳಿ, ಒಯ್ಯಿರಿ. ಬಾಡಿಗೆ ಬೇಡ. ಷರತ್ತು ಒಂದೇ: ವಾಪಸ್ ಕೊಡುವಾಗ ಪೂರ್ತಿ ಒಣಗಿಸಿ ಕೊಡಿ. ಯಾಕೆ ಅಂತ ಮೇಲೆ ಬರೆದಿದ್ದೇನೆ!